ತಿರುಗುವ ಜಾಗ

ಬಲಗಾಲಿನ ಕಾಲುಚೀಲದಲ್ಲಿ ಹೆಬ್ಬೆರಳಿನ ಹತ್ತಿರ ತೂತು ಬಿದ್ದಿದೆ ಎಂಬುದು ಭೂಮಿಕಾಳಿಗೆ ಗೊತ್ತಾದದ್ದು ಜಿಮ್ ಹಾಲಿನ ಬಾಗಿಲಲ್ಲಿ ಷೂ ಬಿಚ್ಚಿದ ಮೇಲೆಯೇ. ಒಳಗೆ ಷೂ ಹಾಕಿಕೊಂಡು ಹೋಗುವಂತಿರಲಿಲ್ಲ; ನೆಲದ ಮೇಲೆ ಹಡಗುಗಳಿದ್ದವು. ಬೆರಳುದ್ದದವು, ಗೇಣುದ್ದದವು, ಸೀಸದಲ್ಲಿ ಎರಕ ಹೊಯ್ದು ಬೂದು ಬಣ್ಣ ಬಳಿದ ಹಡಗುಗಳು, ಶಾಲೆಯ ಮಕ್ಕಳು ಬಾಸ್ಕೆಟ್‌ಬಾಲ್ ಆಡುವ ಕೆಂಪು ನೀಲಿ ಗೆರೆಗಳ ಮೇಲೆ ಸಾಲುಸಾಲಾಗಿ ನಿಂತಿದ್ದವು. ಅವುಗಳ ನಡುವೆ ತಲೆ ನೆರೆತ ಗಂಡಸರು ಕೈ ಹಿಂದೆ ಕಟ್ಟಿಕೊಂಡು, ದಪ್ಪ ಉಣ್ಣೆಯ ಕಾಲುಚೀಲಗಳಲ್ಲಿ, ಕೊಕ್ಕರೆಗಳ ಹಾಗೆ ಹೆಜ್ಜೆ ಎತ್ತಿಟ್ಟು ಓಡಾಡುತ್ತಿದ್ದರು. ಒಬ್ಬನ ಕಾಲುಚೀಲದ ಮೇಲೆ ಲಂಗರಿನ ಚಿತ್ರವೇ ಇತ್ತು. ಭೂಮಿಕಾ ಬೆರಳನ್ನು ಒಳಕ್ಕೆ ಮಡಚಿಕೊಂಡಳು. ಮಡಚಿಕೊಂಡೇ ನಡೆಯಬೇಕಾದ್ದರಿಂದ ಸ್ವಲ್ಪ ಕುಂಟಿದಂತಾಯಿತು. ಅದನ್ನು ನೋಡಿದ ಗಂಡ ಚೇತನಕುಮಾರ "ಕಾಲಿಗೆ ಏನಾತು" ಎಂದು ಕೇಳಿದ. ಏನಿಲ್ಲ ಅಂದಳು. "ಹಂಗಾರ ನೆಟ್ಟಗ ನಡಿ, ಎಲ್ಲಾರೂ ನೋಡಾಕತ್ತಾರ" ಅಂದ. ಯಾರೂ ನೋಡುತ್ತಿರಲಿಲ್ಲ. ಯಾರೂ ನೋಡದಿದ್ದಾಗಲೂ ಯಾರೋ ನೋಡುತ್ತಿದ್ದಾರೆ ಎಂದು ಬಗೆದು ನಡೆಯುವುದು ಈ ಊರಿಗೆ ಬಂದಾಗಿನಿಂದ ಅವನಿಗೆ ಅಂಟಿದ ರೋಗ. ಅವನಿಂದ ಅದು ತನಗೂ ಅಂಟಿದೆ ಎಂದುಕೊಂಡು ಅವಳು ಬೆರಳನ್ನು ಇನ್ನಷ್ಟು ಒಳಗೆಳೆದುಕೊಂಡಳು.

ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನಲ್ಲಿ ಚೇತನಕುಮಾರ ಕೆಲಸ ಮಾಡುವ ಕಂಪನಿಯಲ್ಲಿ ಅವನ ಮೇಲಿನ ಅಧಿಕಾರಿ ಹಾಬರ್‌ಕೋರ್ನ್. ಹಾಬರ್‌ಕೋರ್ನ್‌ಗೆ ಇದೊಂದು ಹುಚ್ಚು. ಪ್ರತಿವರ್ಷ ಮೇ ತಿಂಗಳ ಕೊನೆಯ ಶನಿವಾರ ಅವನೂ ಅವನ ಗೆಳೆಯರೂ ಪಕ್ಕದ ಹಳ್ಳಿಯ ಶಾಲೆಯ ಹಾಲನ್ನು ಬಾಡಿಗೆಗೆ ಹಿಡಿದು, ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷರಿಗೂ ಜರ್ಮನರಿಗೂ ಸ್ಕಾಗೆರಾಕ್ ಸಮುದ್ರದಲ್ಲಿ ನಡೆದ ದೊಡ್ಡ ಕಾಳಗವನ್ನು ನೆಲದ ಮೇಲೆ ಮತ್ತೆ ಆಡುತ್ತಾರೆ. ಜರ್ಮನ್ ಅಡ್ಮಿರಲ್ ಆಗಲು ಜನ ನಾ ಮುಂದು ತಾ ಮುಂದು ಅನ್ನುತ್ತಾರೆ. ಇಂಗ್ಲಿಷರ ಕಡೆಗೆ ಆಡಲು ಪ್ರತಿವರ್ಷ ಆಳು ಕಡಿಮೆ. ಹಾಬರ್‌ಕೋರ್ನ್ ದೊಡ್ಡ ಮನಸ್ಸು ಮಾಡಿ ತಾನೇ ಇಂಗ್ಲಿಷ್ ಅಡ್ಮಿರಲ್ ಆಗುತ್ತಾನೆ. ಮಾರ್ಚ್‌ನಲ್ಲಿ ಒಂದು ದಿನ ಅವನು ಕ್ಯಾಂಟೀನಿನಲ್ಲಿ ಚೇತನನ ಭುಜ ತಟ್ಟಿ "ನೀವೂ ಬನ್ನಿ" ಎಂದಿದ್ದ. ಇಲಾಖೆಯಲ್ಲಿ ಟೀಮ್ ಲೀಡರ್ ಜಾಗ ಖಾಲಿಯಾಗುವುದಿತ್ತು. ಚೇತನ ಅಂದು ಸಂಜೆ ಇಟ್ಟಿಗೆಯಷ್ಟು ದಪ್ಪದ ಎರಡು ಇಂಗ್ಲಿಷ್ ಪುಸ್ತಕ ತಂದು ಅಡುಗೆಕಟ್ಟೆಯ ಮೇಲಿಟ್ಟು, "ನೀ ಹೆಂಗೂ ಮನಿಯಾಗ ಇರ್ತಿ, ಓದಿ ಸ್ವಲ್ಪದಾಗ ಹೇಳು" ಅಂದ.

ಹೆಂಗೂ ಮನಿಯಾಗ ಇರ್ತಿ. ಅವಳು ಓದಿದಳು. ಮೊದಲು ಅವನಿಗಾಗಿ, ಆಮೇಲೆ ಯಾಕೆಂದು ತನಗೇ ಗೊತ್ತಿಲ್ಲದೆ. ಗದಗಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದ ದಿನಗಳ ಹಸಿವು ಮತ್ತೆ ಬಂದಂತಾಯಿತು. ಡ್ರೆಡ್‌ನಾಟ್ ಎಂದು ಕರೆಸಿಕೊಂಡ ಆ ಹಡಗುಗಳು ಒಂದೊಂದೂ ಒಂದು ಪೇಟೆಯಷ್ಟು ದೊಡ್ಡವು. ತೆಂಗಿನ ಮರದಷ್ಟು ಉದ್ದದ ತೋಪುಗಳು. ಸಾವಿರ ಜನ ಉಂಡು ಮಲಗುವ ಉಕ್ಕಿನ ಹೊಟ್ಟೆ. ಆದರೆ ಅವಳನ್ನು ಹಿಡಿದು ನಿಲ್ಲಿಸಿದ್ದು ತೋಪುಗಳಲ್ಲ, ಅವುಗಳ ಮೇಲೆ ನಿಂತ ಅಧಿಕಾರಿಗಳು. ಅವರು ಹೇಡಿಗಳಲ್ಲ. ಹಡಗು ವಾಲುತ್ತಿದ್ದರೂ ಟೊಪ್ಪಿಗೆ ಸರಿಮಾಡಿಕೊಂಡು ನಿಲ್ಲುವವರು. ಆದರೆ ಮೇಲಿನವನು ಬಾವುಟ ಏರಿಸದಿದ್ದರೆ ಕಣ್ಣೆದುರು ಕಂಡದ್ದನ್ನೂ ಕಂಡೆ ಅನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಕಾಳಗದ ದಿನ ಮಧ್ಯಾಹ್ನ ಇಂಗ್ಲಿಷ್ ಅಡ್ಮಿರಲ್‌ನ ಹಡಗುಗಳು ಒಂದು ಕಡೆ ತಿರುಗಿದರೆ, ಅವನ ಹಿಂದಿದ್ದ ನಾಲ್ಕು ದೊಡ್ಡ ಹಡಗುಗಳ ದಳ ತನ್ನ ಪಾಡಿಗೆ ಇನ್ನೊಂದು ಕಡೆಗೆ ಹೋಗುತ್ತಲೇ ಇತ್ತು. ಹೊಗೆಯಲ್ಲಿ ಬಾವುಟ ಕಾಣಲಿಲ್ಲವಂತೆ. ಮುಂದಿನವರು ತಿರುಗಿದ್ದು ಕಾಣುತ್ತಿತ್ತು. ತಿರುಗು ಎಂಬ ಅಪ್ಪಣೆ ಕಾಣಲಿಲ್ಲ. ಆ ಸಾಲನ್ನು ಅವಳು ಒಲೆಯ ಮುಂದೆ ನಿಂತು ಓದುತ್ತಿದ್ದಾಗ ಹಾಲು ಉಕ್ಕಿ ಹೋಯಿತು. ಒಲೆ ಒರೆಸುತ್ತ ಅವಳಿಗೆ ಕಾಲೇಜಿನ ಪ್ರಿನ್ಸಿಪಾಲ್ ಹನುಮಂತರಾಯರು ನೆನಪಾದರು. ಲ್ಯಾಬಿನ ಗೋಡೆ ಬಿರುಕು ಬಿಟ್ಟದ್ದನ್ನು ತೋರಿಸಿದರೆ "ಮ್ಯಾಲಿಂದ ಸರ್ಕ್ಯುಲರ್ ಬರ್ಲಿ ತಂಗಿ" ಅನ್ನುತ್ತಿದ್ದವರು. ಆಮೇಲೆ ತಾನೇ ನೆನಪಾದಳು.

ಇಂದು ಬೆಳಿಗ್ಗೆ ಬರಬೇಕಾಗಿದ್ದ ಆಟಗಾರನೊಬ್ಬನಿಗೆ ಬೆನ್ನು ಹಿಡಿದುಕೊಂಡಿತ್ತು. ಆ ನಾಲ್ಕು ಹಡಗುಗಳ ದಳಕ್ಕೆ ಯಾರೂ ಇರಲಿಲ್ಲ. "ನಿಮ್ಮ ಹೆಂಡತಿ ಪುಸ್ತಕ ಓದಿದ್ದಾರೆ ಅಂದಿರಲ್ಲ, ಅವರನ್ನೇ ಕರೆತನ್ನಿ" ಎಂದು ಹಾಬರ್‌ಕೋರ್ನ್ ಫೋನಿನಲ್ಲಿ ನಕ್ಕು ಹೇಳಿದ್ದ. ಚೇತನ ಕಾರಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತ ಬಂದ: ಅವರು ಏನ್ ಹೇಳ್ತಾರೋ ಅಷ್ಟ ಮಾಡು, ಜಾಸ್ತಿ ಮಾತು ಬ್ಯಾಡ, ಆಟ ಅದು, ಆಟದಂಗ ಇರಬೇಕು. ಅವಳ ತೊಡೆಯ ಮೇಲೆ ಸಮೋಸಾ ಡಬ್ಬಿ ಬಿಸಿಯಾಗಿ ಕೂತಿತ್ತು. ಹಾಲಿನಲ್ಲಿ ಹಾಬರ್‌ಕೋರ್ನ್ ಅವಳನ್ನು ಎಲ್ಲರಿಗೂ ಪರಿಚಯಿಸಿದ್ದು ಆ ಡಬ್ಬಿಯ ಮೂಲಕವೇ: "ಇವರು ಫ್ರಾವ್ ಶಾನ್ನಾ, ನಮಗೆ ಭಾರತದಿಂದ ತಿಂಡಿ ತಂದಿದ್ದಾರೆ." ಫ್ರಾವ್ ಅಂದರೆ ಶ್ರೀಮತಿ; ಶಾನ್ನಾ ಅಂದರೆ ಮಾವನವರ ಹೆಸರು, ಚನ್ನಮಲ್ಲಪ್ಪ. ಪಾಸ್‌ಪೋರ್ಟಿನಲ್ಲಿ ಅದು ಚೇತನನ ಹೆಸರಿನ ಹಿಂದೆ ನಿಂತು, ಮದುವೆಯಾದ ಮೇಲೆ ಅವಳ ಹೆಸರಿನ ಹಿಂದೆಯೂ ಬಂದು, ಇಲ್ಲಿಯ ಕಚೇರಿಗಳಲ್ಲಿ ಅರ್ಧಕ್ಕೆ ತುಂಡಾಗಿ ಶಾನ್ನಾ ಆಗಿತ್ತು. ಹಲ್ಲಿನ ಡಾಕ್ಟರಾಗಿ ನಿವೃತ್ತನಾದ ಒಬ್ಬ ಉದ್ದನೆಯ ಮನುಷ್ಯ, ಜರ್ಮನ್ ಪಡೆಯ ನಾಯಕ, ಅವಳ ಕೈಕುಲುಕಿ, ಇಂಗ್ಲಿಷರ ಹಡಗು ನಡೆಸಲು ಭಾರತದವರಿಗಿಂತ ಬೇಸರ ಪಡುವವರು ಇನ್ನಾರು ಎಂದು ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು ಚೇತನ ನಕ್ಕ, ಮಾತು ಮುಗಿಯುವ ಮೊದಲೇ. ಆ ನಗುವಿನಲ್ಲಿ ಅವನ ದನಿ ಹಾರ್ಮೋನಿಯಂನ ಒಂದು ಮನೆಯಷ್ಟು ಮೇಲಕ್ಕೆ ಹೋಗುತ್ತದೆ. ಮನೆಯಲ್ಲಿ ಅವನು ಹಾಗೆ ನಗುವುದಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ಒಂಥರಾ ನಾಚಿಕೆ, ಅವನ ಪರವಾಗಿ ತಾನು ಪಡುವ ನಾಚಿಕೆ, ಕಿವಿಯ ತುದಿಗೆ ಏರಿತು.

ಆಟದ ಕಟ್ಟಳೆ ಸರಳವಾಗಿತ್ತು. ಒಂದೊಂದು ಸೀಟಿಗೆ ಒಂದೊಂದು ನಡೆ. ಗೆರೆ ಹಾಕಿದ ಕೋಲಿನಿಂದ ಅಳೆದು ಹಡಗುಗಳನ್ನು ಸರಿಸುವುದು, ಗುಂಡು ಬೀಳುವುದನ್ನು ದಾಳ ಎಸೆದು ತಿಳಿಯುವುದು, ಹೊಗೆಯ ಜಾಗದಲ್ಲಿ ಬೂದು ಹತ್ತಿ ಇಡುವುದು. ನಾಯಕರು ಒಬ್ಬರಿಗೊಬ್ಬರು ಬಾಯಿಬಿಟ್ಟು ಮಾತಾಡುವಂತಿಲ್ಲ. ಅಪ್ಪಣೆ ಚೀಟಿಯಲ್ಲಿ ಬರಬೇಕು, ಚೀಟಿಯನ್ನು ಸಿಗ್ನಲ್‌ನವನು ತರಬೇಕು. ಹಾಬರ್‌ಕೋರ್ನ್‌ನ ಸಿಗ್ನಲ್‌ನವನು ಚೇತನಕುಮಾರ. ತೀರ್ಪುಗಾರ್ತಿ ಫ್ರಾವ್ ಟೀಲೆ, ಲ್ಯಾಟಿನ್ ಕಲಿಸಿ ನಿವೃತ್ತಳಾದ ಮುದುಕಿ, ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಎತ್ತರದ ಜಿಮ್ನಾಸ್ಟಿಕ್ಸ್ ಪೆಟ್ಟಿಗೆಯ ಮೇಲೆ ಕೂತಿದ್ದಳು.

ಭೂಮಿಕಾ ಮೊಣಕಾಲೂರಿ ತನ್ನ ನಾಲ್ಕು ಹಡಗುಗಳ ಮುಂದೆ ಕೂತಳು. ಬಾರ್‌ಹ್ಯಾಮ್, ವೇಲಿಯಂಟ್, ವಾರ್‌ಸ್ಪೈಟ್, ಕೊನೆಯದು ಮಲಾಯಾ. ಕೂತ ಮೇಲೆ ಹೆಬ್ಬೆರಳಿನ ಚಿಂತೆ ಹೋಯಿತು. ಸೀಸ ತಣ್ಣಗಿತ್ತು. ಎಷ್ಟೋ ಕಾಲದಿಂದ ತನ್ನ ಕೈಗೆ ಯಾರೂ ಏನನ್ನೂ ನಡೆಸಲು ಕೊಟ್ಟಿರಲಿಲ್ಲ ಎಂದು ಅವಳಿಗೆ ಆಗ ತಟ್ಟನೆ ಅನ್ನಿಸಿತು. ಆ ಯೋಚನೆಯ ಹಿಂದೆಯೇ ಹೊಟ್ಟೆಯಲ್ಲಿ ಒಂದು ಖುಷಿ, ಕದ್ದು ಬೆಲ್ಲ ತಿಂದಂಥದ್ದು. ಮೊದಲ ನಡೆಗಳು ಸುಸೂತ್ರವಾಗಿ ಹೋದವು. ಚೇತನ ಚೀಟಿ ತಂದ: ದಕ್ಷಿಣಕ್ಕೆ. ಸರಿಸಿದಳು. ಮತ್ತೆ ತಂದ: ವೇಗ ಹೆಚ್ಚಿಸು. ಹೆಚ್ಚಿಸಿದಳು. ಚೀಟಿ ಕೊಡುವಾಗ ಅವನು ಅವಳ ಮುಖ ನೋಡುತ್ತಿರಲಿಲ್ಲ, ಆಫೀಸಿನವರ ಹಾಗೆ ತಲೆ ಸ್ವಲ್ಪ ಬಾಗಿಸಿ ಕೊಟ್ಟು ತಿರುಗುತ್ತಿದ್ದ. ಬಿಡುವಿನಲ್ಲಿ ಗೋಡೆಯ ಬೆಂಚಿನ ಮೇಲೆ ಕಾಫಿ, ಸ್ಟ್ರಾಬೆರಿ ಕೇಕ್, ಅವಳ ಸಮೋಸಾ. ಹಾಬರ್‌ಕೋರ್ನ್ ಎರಡು ಸಮೋಸಾ ತಿಂದು ಚೇತನನಿಗೆ, "ನಿಮ್ಮ ಹೆಂಡತಿ ಬಹಳ ಚೆನ್ನಾಗಿ ಅಪ್ಪಣೆ ಪಾಲಿಸುತ್ತಾರೆ, ನನ್ನ ಹಳೆಯ ಕ್ಯಾಪ್ಟನ್‌ಗಿಂತ ವಾಸಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ, ಅವನು ಕೆಟ್ಟವನಲ್ಲ. ಚೇತನ ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಿದ, ಅವಳಿಗೆ ಅರ್ಥವಾಗಿರಲಿಲ್ಲವೇನೋ ಎಂಬಂತೆ, ಮುಖ ಅರಳಿಸಿಕೊಂಡು.

ಅರ್ಥವಾಗಿತ್ತು. ಜರ್ಮನ್ ಭಾಷೆಯ ಬಿ-ಒನ್ ಪರೀಕ್ಷೆ ಪಾಸಾಗಿ ಎರಡು ವರ್ಷವಾಗಿದೆ. ಮುಂದಿನ ಕೋರ್ಸಿಗೆ ಸೇರಲೇ ಎಂದು ಕೇಳಿದಾಗೆಲ್ಲ "ಮುಂದಿನ ಬ್ಯಾಚಿಗೆ ನೋಡೂಣು" ಅನ್ನುತ್ತಾನೆ. ನೋಡೂಣು, ತಡಿ, ನಾ ಹೇಳ್ತೀನಿ. ತಂಗಿ ನೀಲಗಂಗಾ ಬೈಲಹೊಂಗಲದಿಂದ, ಗಂಡನ ಮನೆಯ ಹಿತ್ತಲಿನಿಂದ, ದನಿ ತಗ್ಗಿಸಿ ಫೋನ್ ಮಾಡಿದಾಗಲೂ ಹೀಗೆಯೇ ಅಂದಿದ್ದ. ಅಕ್ಕಾ, ಒಂದ್ ಮೂರ್ ತಿಂಗಳ ನಿನ್ ಹತ್ರ ಇರ್ತೀನಿ, ಉಸಿರಾಡಾಕ ಒಂದ್ ಜಾಗ ಸಿಕ್ಕರ ಸಾಕು, ಆಮ್ಯಾಲ ಏನರ ನೋಡ್ತೀನಿ. ಚೇತನ ವೀಸಾ ಅಂದ, ಮನೆ ಸಣ್ಣದು ಅಂದ, ಈಗಷ್ಟೇ ಪ್ರಾಜೆಕ್ಟ್ ಶುರುವಾಗಿದೆ ಅಂದ, ಕೊನೆಗೆ "ಬ್ಯಾಡ ಅನ್ನಾಕತ್ತಿಲ್ಲ, ಸ್ವಲ್ಪ ತಡಿ, ನಾ ಹೇಳ್ತೀನಿ" ಅಂದ. ಭೂಮಿಕಾ ತಡೆದಳು. ತಂಗಿಗೆ "ಇವ್ರು ಹೇಳ್ತಾರಂತ" ಅಂದಳು. ಆ ಕಡೆಯಿಂದ ಸಣ್ಣ ನಗು ಕೇಳಿಸಿತು. ಅವ್ವ ಸಾವಿತ್ರವ್ವ ಕೂಡ ಅದೇ ನಗು ನಗುತ್ತಿದ್ದಳು, ಅಪ್ಪ ನಾಳೆ ತರುತ್ತೇನೆ ಅಂದಾಗ. ಇವ್ರು ಹೇಳಲಿಲ್ಲ. ನೀಲಗಂಗಾ ಮತ್ತೆ ಕೇಳಲಿಲ್ಲ. ಈಗ ಭಾನುವಾರ ಫೋನ್ ಮಾಡಿದರೆ ಮಾತೆಲ್ಲ ಶೇಂಗಾ ಚಟ್ನಿಯದು, ಹವಾಮಾನದ್ದು. ವಿಡಿಯೋ ಮಾಡು ಅಂದರೆ ನೆಟ್‌ವರ್ಕ್ ಇಲ್ಲ ಅನ್ನುತ್ತಾಳೆ. ತನ್ನ ಗಂಡ ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಭೂಮಿಕಾ ಎಷ್ಟೋ ಸಲ ಯೋಚಿಸಿದ್ದಾಳೆ. ಅವನು ಬೇಡ ಅನ್ನಲಿಲ್ಲ. ಅವಳು ಕಾದಳು. ಕಾದದ್ದು ಅವಳೇ. ಹೊಗೆ ಇತ್ತು, ಬಾವುಟ ಕಾಣಲಿಲ್ಲ ಎಂದು ಯಾರ ಮುಂದೆ ಹೇಳುವುದು.

ಸೀಟಿ ಕೂಗಿತು. ಎಲ್ಲರೂ ಕಪ್ಪು ಕೆಳಗಿಟ್ಟು ನೆಲಕ್ಕಿಳಿದರು.

ದಕ್ಷಿಣದ ಗೋಡೆಯ ಕಡೆಯಿಂದ, ಹಗ್ಗಗಳು ನೇತಾಡುವ ಜಾಗದ ಕೆಳಗಿನಿಂದ, ಜರ್ಮನರ ಪೂರ್ತಿ ಪಡೆ ಹೊರಟು ಬರುತ್ತಿತ್ತು. ಹಾಬರ್‌ಕೋರ್ನ್ ತನ್ನ ಹಡಗುಗಳನ್ನು ಉತ್ತರಕ್ಕೆ ತಿರುಗಿಸಿ ಓಟ ಕಿತ್ತ. ಭೂಮಿಕಾಳ ನಾಲ್ಕು ಮಾತ್ರ ಇನ್ನೂ ದಕ್ಷಿಣಕ್ಕೆ ಮುಖ ಮಾಡಿ, ನೇರವಾಗಿ ಆ ಬೂದು ಗೋಡೆಯ ಕಡೆಗೆ ಹೋಗುತ್ತಿದ್ದವು. ಚೇತನ ಚೀಟಿ ತಂದ. ಒಬ್ಬರ ಹಿಂದೆ ಒಬ್ಬರಾಗಿ ಬಲಕ್ಕೆ ತಿರುಗಿ ನನ್ನ ಹಿಂದೆ ಬನ್ನಿ. ಜರ್ಮನ್‌ನಲ್ಲಿ, ಹಾಬರ್‌ಕೋರ್ನ್‌ನ ಚಂದದ ಅಕ್ಷರದಲ್ಲಿ. ನಿಜವಾದ ಕಾಳಗದ ದಿನವೂ ಇದೇ ಅಪ್ಪಣೆ ಬಂದಿತ್ತು. ಒಬ್ಬರ ಹಿಂದೆ ಒಬ್ಬರು ಅಂದರೆ, ಮೊದಲನೆಯ ಹಡಗು ತಿರುಗಿದ ಜಾಗಕ್ಕೇ ಎರಡನೆಯದು ಬಂದು ತಿರುಗಬೇಕು, ಆಮೇಲೆ ಮೂರನೆಯದು, ಆಮೇಲೆ ಕೊನೆಯದು. ಶತ್ರು ಹಡಗಿಗೆ ಗುರಿಯಿಡಬೇಕಾಗಿಯೇ ಇಲ್ಲ. ಆ ಒಂದು ಜಾಗಕ್ಕೆ ಗುರಿಯಿಟ್ಟರೆ ಸಾಕು, ಹಡಗುಗಳು ತಾವಾಗಿಯೇ ಬಂದು ಗುಂಡಿನ ಕೆಳಗೆ ನಿಲ್ಲುತ್ತವೆ. ಹಲ್ಲಿನ ಡಾಕ್ಟರು ಆಗಲೇ ಬಗ್ಗಿ ಕೋಲಿನಿಂದ ಆ ಜಾಗವನ್ನು ಅಳೆಯುತ್ತಿದ್ದ. ಬಾಸ್ಕೆಟ್‌ಬಾಲಿನ ಕೆಂಪು ಗೆರೆಯೂ ನೀಲಿ ಗೆರೆಯೂ ಕೂಡುವ ಜಾಗ. ಅವನು ತನ್ನ ಗುರಿ ಬರೆದು ಮಡಚಿ ಫ್ರಾವ್ ಟೀಲೆಯ ಕೈಗೆ ಕೊಟ್ಟ, ತುಟಿಯಲ್ಲಿ ಸಣ್ಣ ನಗುವಿತ್ತು.

ಭೂಮಿಕಾ ಚೀಟಿಯನ್ನು ಇನ್ನೊಮ್ಮೆ ಓದಿದಳು. ಚೇತನ ಹೋಗದೆ ಅಲ್ಲೇ ನಿಂತಿದ್ದ. "ತಿಳೀತಲ್ಲ?" ಅಂದ. ಅವಳು ತಲೆಯಾಡಿಸಿದಳು. ಅವನು ಹೋದ. ಅವಳ ಕೈ ಮೊದಲು ಬಾರ್‌ಹ್ಯಾಮ್ ಕಡೆಗೇ ಹೋಯಿತು, ರೂಢಿಯಿಂದ. ಹೇಳಿದ ಜಾಗಕ್ಕೆ ಹೋಗಿ ನಿಲ್ಲುವ ರೂಢಿ ಕೈಗೂ ಇರುತ್ತದೆ. ಬೆರಳು ಹಡಗಿನ ಮೇಲಿತ್ತು. ಅದರೊಳಗೆ ಸಾವಿರ ಜನ ಎಂದು ಪುಸ್ತಕ ಹೇಳಿತ್ತು, ತಳದಲ್ಲಿ ಕಲ್ಲಿದ್ದಲ ಧೂಳಿನಲ್ಲೋ ಎಣ್ಣೆಯ ಕಾವಿನಲ್ಲೋ ದುಡಿಯುವವರಿಗೆ ಮೇಲೆ ಏನಾಗುತ್ತಿದೆ ಎಂದು ಗೊತ್ತಾಗುವುದು ಹಡಗು ವಾಲಿದಾಗ ಮಾತ್ರ ಎಂದೂ ಹೇಳಿತ್ತು. ಈ ಸೀಸದ ತುಂಡಿನೊಳಗೆ ಯಾರೂ ಇಲ್ಲ, ಆಟ ಇದು, ಆಟದಂಗ ಇರಬೇಕು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬೆರಳು ಹಡಗನ್ನು ಸರಿಸಲಿಲ್ಲ. ಆಟದಲ್ಲಿಯೂ ಹೇಳಿದ್ದನ್ನೇ ಮಾಡುವುದಾದರೆ ಇನ್ನೆಲ್ಲಿ, ಎಂದು ಒಳಗಿನಿಂದ ಯಾರೋ ಕೇಳಿದಂತಾಯಿತು. ಆ ದನಿ ಅವಳದ್ದೇ, ಗದಗಿನ ಕ್ಲಾಸಿನ ಕೊನೆಯ ಬೆಂಚಿಗೂ ಕೇಳುತ್ತಿದ್ದ ದನಿ. ಅವಳು ಬೆರಳು ತೆಗೆದಳು. ನಾಲ್ಕೂ ಹಡಗುಗಳನ್ನು ಅವು ಇದ್ದ ಇದ್ದ ಜಾಗದಲ್ಲಿಯೇ, ಬಾಲವಿದ್ದ ಕಡೆಗೆ ಮೂತಿ ಬರುವಂತೆ ಉತ್ತರಕ್ಕೆ ತಿರುಗಿಸಿಟ್ಟಳು. ಒಂದೇ ನಡೆಯಲ್ಲಿ, ಎಲ್ಲವೂ ಒಟ್ಟಿಗೆ. ಕೊನೆಯಲ್ಲಿದ್ದ ಮಲಾಯಾ ಈಗ ಮೊದಲನೆಯದಾಯಿತು.

ಸೀಟಿ ಕೂಗಿತು. ಫ್ರಾವ್ ಟೀಲೆ ಮಡಚಿದ ಗುರಿ ಬಿಚ್ಚಿ ಓದಿದಳು. ಹಲ್ಲಿನ ಡಾಕ್ಟರು ದಾಳ ಎಸೆಯಲು ಬಗ್ಗಿದವನು ಹಾಗೇ ನಿಂತ. ಗೆರೆ ಕೂಡುವ ಜಾಗದಲ್ಲಿ ಏನೂ ಇರಲಿಲ್ಲ, ಹೊಳೆಯುವ ನೆಲವಿತ್ತು. "ಅಲ್ಲಿ ಯಾರೂ ಇಲ್ಲವಲ್ಲ" ಅಂದ. "ಅವರು ಅಲ್ಲಿರಬೇಕಾಗಿತ್ತು." ಅವನ ದನಿಯಲ್ಲಿ ನಿಜವಾದ ಬೇಸರವಿತ್ತು. ಯಾರೋ ನಕ್ಕರು. ಹಾಬರ್‌ಕೋರ್ನ್ ತನ್ನ ಹಡಗುಗಳ ನಡುವಿನಿಂದ ಎದ್ದು, ಹತ್ತಿಯ ಹೊಗೆಯನ್ನು ದಾಟಿಕೊಂಡು ಬಂದು, ನಾಲ್ಕು ಹಡಗುಗಳನ್ನೂ ಚೀಟಿಯನ್ನೂ ನೋಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಗೊಂದಲವಾಗಿತ್ತು. "ಇದನ್ನು ಹೀಗೆ ಮಾಡಲು ಯಾರು ಹೇಳಿದರು?" ಎಂದು ಕೇಳಿದ, ಅವಳನ್ನಲ್ಲ, ಚೇತನನನ್ನು.

ಚೇತನನ ಕುತ್ತಿಗೆ ಕೆಂಪಾಯಿತು. ಅವಳನ್ನು ಒಮ್ಮೆ ನೋಡಿದ, ಹಾಬರ್‌ಕೋರ್ನ್‌ನನ್ನು ಒಮ್ಮೆ ನೋಡಿದ, ಆಮೇಲೆ ಅದೇ ಮೇಲಿನ ದನಿಯಲ್ಲಿ ನಗುತ್ತ ಜರ್ಮನ್‌ನಲ್ಲಿ ಹೇಳಿದ: "ಕ್ಷಮಿಸಿ, ಅವಳಿಗೆ ಅಪ್ಪಣೆ ಅರ್ಥವಾಗಿಲ್ಲ. ಅವಳ ಜರ್ಮನ್ ಇನ್ನೂ ಅಷ್ಟಕ್ಕಷ್ಟೇ."

ಹಾಲಿನಲ್ಲಿದ್ದವರ ಮುಖಗಳೆಲ್ಲ ಮೆತ್ತಗಾದವು. ಅದನ್ನು ಭೂಮಿಕಾ ಕೆಳಗಿನಿಂದ, ಮೊಣಕಾಲೂರಿದ್ದಲ್ಲಿಂದ, ಒಂದೊಂದಾಗಿ ನೋಡಿದಳು. ಪಾಪ ಅನ್ನುವ ಮುಖಗಳು. ಅಂಗಡಿಯಲ್ಲಿ ಚಿಲ್ಲರೆ ಹುಡುಕುವಾಗ ಹಿಂದಿನವರು ತೋರುವ ಮುಖ, ಡಾಕ್ಟರ ರಿಸೆಪ್ಶನ್‌ನಲ್ಲಿ ಎರಡನೆಯ ಸಲ ಹೇಳಿ ಅನ್ನುವ ಮುಖ. ಖಂಡಿತ, ಪರವಾಗಿಲ್ಲ, ತಪ್ಪು ನಮ್ಮದು, ಇಂಗ್ಲಿಷಿನಲ್ಲಿ ಬರೆಯಬೇಕಿತ್ತು ಎಂದ ಹಾಬರ್‌ಕೋರ್ನ್. ಎಲ್ಲರೂ ಹೌದೆಂದರು. ಹಡಗುಗಳನ್ನು ಹಿಂದಕ್ಕೆ ಇಟ್ಟು ನಡೆಯನ್ನು ಮತ್ತೆ ಆಡೋಣವೆಂದು ಯಾರೋ ಸೂಚಿಸಿದರು. ಅವಳು ಸುಮ್ಮನಿದ್ದರೆ ಸಾಕಾಗಿತ್ತು. ಸುಮ್ಮನಿರುವುದು ಅವಳಿಗೆ ಕಷ್ಟವೂ ಅಲ್ಲ. ಚೇತನ ಅವಳ ಕಡೆ ನೋಡಿ ಕಣ್ಣಿನಲ್ಲೇ ಕೇಳಿಕೊಳ್ಳುತ್ತಿದ್ದ; ಆ ಕಣ್ಣಿನಲ್ಲಿ ಮೋಸವಿರಲಿಲ್ಲ, ಹೆದರಿಕೆಯಿತ್ತು.

ಭೂಮಿಕಾ ಎದ್ದು ನಿಂತಳು. ಮೊಣಕಾಲು ಜೋಮು ಹಿಡಿದಿತ್ತು.

"ಇಷ್ ಹಾಬೆ ಫೆರ್‌ಶ್ಟಾಂಡೆನ್" ಅಂದಳು. ನನಗೆ ಅರ್ಥವಾಗಿದೆ. ದನಿ ಅವಳು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂದು ಹಾಲಿನ ಆಚೆ ಗೋಡೆಗೆ ಬಡಿಯಿತು. "ಒಬ್ಬರ ಹಿಂದೆ ಒಬ್ಬರು ಎಂದು ಬರೆದಿದೆ. ನಾನು ಹಾಗೆ ಮಾಡಲಿಲ್ಲ. ಬೇರೆ ಥರ ಮಾಡಲು ತೀರ್ಮಾನಿಸಿದೆ." ಎಲ್ಲೋ ಒಂದು ಪದಕ್ಕೆ ತಪ್ಪು ಲಿಂಗ ಬಿತ್ತು. ಬಿದ್ದದ್ದು ಅವಳಿಗೆ ಗೊತ್ತಾಯಿತು, ತಿದ್ದಲಿಲ್ಲ.

ಹಲ್ಲಿನ ಡಾಕ್ಟರು ದಾಳವನ್ನು ಕೈಯಲ್ಲೇ ಆಡಿಸುತ್ತ, ಆ ಕಾಲದ ಇಂಗ್ಲಿಷ್ ಅಧಿಕಾರಿ ಎಂದೂ ಹೀಗೆ ಮಾಡುತ್ತಿರಲಿಲ್ಲ, ಆಟಕ್ಕೆ ಅರ್ಥವಿರಬೇಕಾದರೆ ಅವರ ಮನಸ್ಸಿನಿಂದ ಆಡಬೇಕು ಎಂದ. ಅದೂ ಸರಿಯೇ ಎನ್ನುವಂತೆ ಕೆಲವರು ಗೊಣಗಿದರು. ಆಗ ಪೆಟ್ಟಿಗೆಯ ಮೇಲಿಂದ ಫ್ರಾವ್ ಟೀಲೆ ಕೈಯೆತ್ತಿದಳು. ತೊಡೆಯ ಮೇಲಿನ ಪುಸ್ತಕದಲ್ಲಿ ಏನೋ ಹುಡುಕಿ, ಕನ್ನಡಕ ಮೇಲಕ್ಕೇರಿಸಿ ಓದಿದಳು: ಆ ದಿನ ಕೊನೆಯ ಹಡಗಿನ, ಅಂದರೆ ಮಲಾಯಾದ ಕ್ಯಾಪ್ಟನ್, ಆ ಜಾಗ ಬರುವ ಮೊದಲೇ ತನ್ನ ಬುದ್ಧಿಯಿಂದ ಹಡಗು ತಿರುಗಿಸಿಕೊಂಡನೆಂದು ಅದರಲ್ಲಿದ್ದ ಒಬ್ಬ ಅಧಿಕಾರಿ ಬರೆದಿದ್ದಾನೆ. "ಆಧಾರ ಇದೆ" ಅಂದಳು. "ಪೂರ್ತಿ ಇದೇ ಅಲ್ಲ, ಆದರೆ ಹತ್ತಿರದ್ದು. ಫ್ರಾವ್ ಶಾನ್ನಾ ಅದನ್ನು ಓದಿಕೊಂಡು ಆಡಿದ್ದರೆ ನಡೆಯನ್ನು ಒಪ್ಪಿಕೊಳ್ಳಬಹುದು."

ಹಾಲಿನಲ್ಲಿದ್ದವರಿಗೆ ಉಸಿರು ಬಂದಂತಾಯಿತು. ಹಾಬರ್‌ಕೋರ್ನ್ ನಿಜವಾಗಿ ಸಂತೋಷಪಟ್ಟು ನಕ್ಕ. "ನೋಡಿ, ನಮಗಿಂತ ಚೆನ್ನಾಗಿ ಓದಿದ್ದಾರೆ. ಕ್ಯಾಪ್ಟನ್ ಮಾಡಿದ್ದನ್ನೇ ಮಾಡಿದ್ದಾರೆ. ಅಲ್ಲವೇ?" ಎಂದು ಮೊದಲ ಬಾರಿಗೆ ಅವಳನ್ನೇ ಕೇಳಿದ. ಚೇತನ ಅವಳ ಹತ್ತಿರ ಬಂದು, ತುಟಿ ಅಲುಗದಂತೆ, "ಹೌದು ಅಂದ್ಬಿಡು, ಭೂಮಿ" ಅಂದ. "ನೀ ಅದನ್ನ ನಂಗ ಓದಿ ಹೇಳಿದ್ದಿ. ಸುಳ್ಳೂ ಅಲ್ಲ."

ಸುಳ್ಳಲ್ಲ. ಅವಳಿಗೆ ಆ ಪುಟ ಗೊತ್ತಿತ್ತು, ಪುಟದ ಮೂಲೆಯಲ್ಲಿ ಅರಿಸಿನದ ಬೆರಳಚ್ಚು ಬಿದ್ದಿದೆ ಎಂಬುದೂ ಗೊತ್ತಿತ್ತು. ಆ ಕ್ಯಾಪ್ಟನ್ ಅವಳಿಗೆ ಇಷ್ಟವಾಗಿದ್ದ. ಆದರೆ ಬೆರಳು ತೆಗೆದ ಆ ಹೊತ್ತಿನಲ್ಲಿ ಅವನು ಅವಳ ಹತ್ತಿರ ಇರಲಿಲ್ಲ. ಹೌದು ಅಂದರೆ ಸಾಕು, ಎಂದೋ ಸತ್ತ ಬಿಳಿಯನೊಬ್ಬ ಬಂದು ಅವಳಿಗೆ ಅನುಮತಿ ಕೊಟ್ಟು ಹೋಗುತ್ತಾನೆ. ಮಾಡಿದ್ದು ಅವನದಾಗುತ್ತದೆ, ಅವಳದು ಓದಿದ ಜಾಣತನ ಮಾತ್ರ. ಸಂಜೆ ಕಾರಿನಲ್ಲಿ ಚೇತನ ಖುಷಿಯಿಂದ ಸ್ಟೀರಿಂಗ್ ತಟ್ಟುತ್ತಾನೆ. ಅವಳಿಗೆ ಅದೆಲ್ಲ ಒಂದೇ ನೋಟದಲ್ಲಿ ಕಂಡಿತು. ಇಷ್ಟು ಸಣ್ಣದು, ಯಾರಿಗೂ ನಷ್ಟವಿಲ್ಲದ್ದು, ಇದನ್ನೂ ಬಿಟ್ಟುಕೊಟ್ಟರೆ ತನ್ನದು ಅನ್ನಲು ಏನು ಉಳಿಯುತ್ತದೆ.

"ಪುಸ್ತಕದಲ್ಲಿರುವುದು ನನಗೆ ಗೊತ್ತು" ಎಂದು ಅವಳು ಫ್ರಾವ್ ಟೀಲೆಯ ಕಡೆಗೆ ತಿರುಗಿ ನಿಧಾನವಾಗಿ, ಒಂದೊಂದೇ ಪದ ಆರಿಸಿ ಹೇಳಿದಳು. "ಅವನು ಮಾಡಿದ ಅಂತ ನಾನು ಮಾಡಲಿಲ್ಲ. ಅಪ್ಪಣೆ ತಪ್ಪಾಗಿತ್ತು. ಪುಸ್ತಕದಲ್ಲಿ ಅವನು ಇಲ್ಲದಿದ್ದರೂ ಮಾಡುತ್ತಿದ್ದೆ."

ಹಾಬರ್‌ಕೋರ್ನ್‌ನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು ಆಮೇಲೆ ಹೋಯಿತು. ತನ್ನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅಪ್ಪಣೆ ಸರಿಯೋ ತಪ್ಪೋ ಎಂದು ದಳದ ನಾಯಕರು ತೀರ್ಮಾನಿಸತೊಡಗಿದರೆ ಅದು ನೌಕಾಪಡೆಯಲ್ಲ, ಸಂತೆ, ಎಂದ. ಮೆಲ್ಲಗೇ ಅಂದ. ಕಟ್ಟಳೆಯ ಪ್ರಕಾರ ಅಡ್ಮಿರಲ್‌ಗೆ ಕೆಳಗಿನವರನ್ನು ತೆಗೆಯುವ ಅಧಿಕಾರವಿದೆಯಲ್ಲವೇ ಎಂದು ಫ್ರಾವ್ ಟೀಲೆಯನ್ನು ಕೇಳಿದ, ಇದೆ ಅಂದಳು. ಇನ್ನೊಂದು ಚೀಟಿ ಬರೆದು ಚೇತನನಿಗೆ ಕೊಟ್ಟ. "ದಳವನ್ನು ನೀವು ವಹಿಸಿಕೊಳ್ಳಿ, ಹೆರ್ ಶಾನ್ನಾ. ಅವರಿಗೆ ತಿಳಿಸಿ."

ತಿಳಿಸುವುದಕ್ಕೇನಿತ್ತು, ಅವಳು ಅಲ್ಲೇ ನಿಂತಿದ್ದಳು. ಆದರೂ ಚೇತನ ನಾಲ್ಕು ಹೆಜ್ಜೆ ನಡೆದು ಬಂದು ಚೀಟಿ ಚಾಚಿದ.

"ಯಾಕ್ ಹಿಂಗ್ ಮಾಡ್ತಿ" ಅಂದ. "ಸೋಮವಾರ ನಾ ಇವ್ರ ಮುಂದ ಕುಂಡ್ರಬೇಕು. ಗೊತ್ತೈತಿಲ್ಲೋ?"

"ಗೊತ್ತೈತಿ."

"ಹಂಗಾರ?"

"ನಂಗ ಜರ್ಮನ್ ತಿಳಿಯಂಗಿಲ್ಲ ಅಂತ ಯಾಕ್ ಹೇಳಿದ್ರಿ?"

ಅವನು ಹಾಬರ್‌ಕೋರ್ನ್ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ "ಅದು ನಿನಗ ಸಹಾಯ ಆಗ್ಲಿ ಅಂತ" ಅಂದ. ಅದನ್ನು ಅವನು ನಂಬಿದ್ದ. ಅದೇ ಅವಳಿಗೆ ಎಲ್ಲಕ್ಕಿಂತ ಭಾರವಾಗಿ ಕಂಡದ್ದು.

ಅವಳು ಚೀಟಿ ತೆಗೆದುಕೊಂಡು ಓದಿ ಅವನಿಗೇ ಮರಳಿ ಕೊಟ್ಟಳು. "ಈಗೊಂದ್ ಸಲ ನಾ ಹೇಳಿದಂಗ ಹೇಳ್ರಿ. ಹೊಗಿ ಇತ್ತು, ಕಾಣ್ಲಿಲ್ಲ, ಅಂತ ಹೇಳಬ್ಯಾಡ್ರಿ. ಕಂಡ್ತು ಅಂತ ಹೇಳ್ರಿ. ಓದಿದ್ಲು ಅಂತ ಹೇಳ್ರಿ. ದಳದಿಂದ ತೆಗದದ್ದು ಒಪ್ಪಿಕೊಂಡ್ಲು, ಅಪ್ಪಣಿ ಸರಿ ಅಂತ ಮಾತ್ರ ಒಪ್ಪಲಿಲ್ಲ ಅಂತ ಹೇಳ್ರಿ." ಹೇಳಿ, ಹಡಗುಗಳನ್ನು ದಾಟಿ ಹೋಗಿ ಗೋಡೆಯ ಬೆಂಚಿನ ಮೇಲೆ, ಖಾಲಿಯಾದ ಸಮೋಸಾ ಡಬ್ಬಿಯ ಪಕ್ಕದಲ್ಲಿ ಕೂತಳು. ಮೈಯೆಲ್ಲ ಬೆವೆತಿತ್ತು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಬದಲಿಗೆ ಹಸಿವಾಯಿತು.

ಚೇತನ ಹಾಬರ್‌ಕೋರ್ನ್ ಹತ್ತಿರ ಹೋಗಿ ಏನೋ ಹೇಳಿದ. ಬೆಂಚಿಗೆ ಅರ್ಧ ಮಾತ್ರ ಕೇಳಿಸಿತು. ಓದಿದಳು ಎಂಬ ಪದ ಕೇಳಿಸಿತು, ಒಪ್ಪಲಿಲ್ಲ ಎಂಬುದೂ ಕೇಳಿಸಿತು. ನಡುವಿನದ್ದನ್ನು ಅವನು ಹೇಳಿದನೋ ನುಂಗಿದನೋ ತಿಳಿಯಲಿಲ್ಲ. ಈ ಸಲ ದನಿ ಮೇಲಕ್ಕೆ ಹೋಗಿರಲಿಲ್ಲ. ಹಾಬರ್‌ಕೋರ್ನ್ ತಲೆಯಾಡಿಸಿ ತನ್ನ ಹಡಗುಗಳ ಕಡೆ ಹೋದ. ಚೇತನ ಬಂದು ನಾಲ್ಕು ಹಡಗುಗಳ ಮುಂದೆ ಮೊಣಕಾಲೂರಿದ. ಕೋಲು ಎತ್ತಿಕೊಂಡ, ಕೆಳಗಿಟ್ಟ. ಅವನಿಗೆ ಯಾವುದು ಯಾವ ಹಡಗು ಎಂಬುದೇ ಗೊತ್ತಿರಲಿಲ್ಲ. ನಾಲ್ಕೂ ಒಂದೇ ಥರ ಇದ್ದವು. ಅವನ ಪ್ಯಾಂಟಿನ ಹಿಂಭಾಗ, ಬಗ್ಗಿದ ಕುತ್ತಿಗೆ, ತಲೆಯ ನಡುವೆ ಈಚೆಗೆ ತೆಳುವಾಗುತ್ತಿರುವ ಕೂದಲು ಅವಳಿಗೆ ಕಾಣುತ್ತಿತ್ತು. ಪರೀಕ್ಷೆಗೆ ಓದದೆ ಬಂದ ಹುಡುಗನ ಬೆನ್ನು. ಎಲ್ಲರೂ ಕಾಯುತ್ತಿದ್ದರು. ಅವನು ಎದ್ದು ಹಾಬರ್‌ಕೋರ್ನ್‌ಗೆ "ನನಗೆ ಇದು ಬರುವುದಿಲ್ಲ" ಅನ್ನುತ್ತಾನೆಂದು ಒಂದು ಕ್ಷಣ ಅವಳಿಗೆ ಅನ್ನಿಸಿತು, ಅಥವಾ ಅವಳು ಹಾಗೆ ಬಯಸಿದಳು. ಅವನು ಏಳಲಿಲ್ಲ.

ಫ್ರಾವ್ ಟೀಲೆ ಸೀಟಿಯನ್ನು ಬಾಯಿಗಿಟ್ಟವಳು ತೆಗೆದು, ಕಟ್ಟಳೆಯನ್ನು ನೆನಪಿಸಿದಳು: ಹೊಸ ನಾಯಕ ತನ್ನ ಅಪ್ಪಣೆ ಕೊಡುವವರೆಗೆ ಹಡಗುಗಳು ಹಿಂದಿನ ನಾಯಕ ಹಿಡಿದ ದಿಕ್ಕಿನಲ್ಲೇ ಹೋಗುತ್ತವೆ. ನಡೆದ ನಡೆಯನ್ನು ಹಿಂದಕ್ಕೆ ತರುವಂತಿಲ್ಲ. ತಿರುಗಿದ್ದು ತಿರುಗಿದಂತೆ. "ಹೊಸ ಅಪ್ಪಣೆ ಏನಾದರೂ ಇದೆಯೇ, ಹೆರ್ ಶಾನ್ನಾ?"

ಚೇತನ ಹಾಬರ್‌ಕೋರ್ನ್ ಕಡೆ ನೋಡಿದ. ಹಾಬರ್‌ಕೋರ್ನ್ ತನ್ನದೇ ಹಡಗಿಗೆ ಬಿದ್ದ ಗುಂಡಿನ ಲೆಕ್ಕದಲ್ಲಿದ್ದ, ತಲೆಯೆತ್ತಲಿಲ್ಲ. ಚೇತನ ಆ ಕಡೆ ಈ ಕಡೆ ನೋಡಿ, ಕೊನೆಗೆ "ಇಲ್ಲ" ಅಂದ.

ಸೀಟಿ ಕೂಗಿತು. ಜರ್ಮನ್ ಸಾಲು ಒಂದು ಕೋಲಿನಷ್ಟು ಹತ್ತಿರ ಬಂತು. ಚೇತನ ಒಂದು ಹಡಗನ್ನು ಎರಡು ಬೆರಳಿನಲ್ಲಿ ಹಿಡಿದು, ಮುಂದೆ ಸರಿಸಬೇಕೋ ಎಷ್ಟು ಸರಿಸಬೇಕೋ ತಿಳಿಯದೆ ಹಾಗೇ ಇದ್ದ. ಆಮೇಲೆ, ಬೆನ್ನು ತಿರುಗಿಸದೆಯೇ, ಬೆಂಚಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಕೇಳಿದ:

"ಮೊದಲ ಯಾವ್ದು?"

ಅವಳು ಉತ್ತರ ಕೊಡದೆ ಇರಬಹುದಿತ್ತು. ಇರಬೇಕೆಂದು ಒಂದು ಮನಸ್ಸು ಹೇಳಿತು. ಅವನು ಒದ್ದಾಡಲಿ, ಎಲ್ಲರೂ ನೋಡಲಿ. ಆದರೆ ಹಡಗುಗಳು ಅವಳವು.

"ನಿಮ್ ಕೈಯಾಗಿಂದು ಬಿಡ್ರಿ, ಅದು ಬಾರ್‌ಹ್ಯಾಮ್, ಈಗ ಕೊನಿದು" ಅಂದಳು, ದನಿ ತಗ್ಗಿಸದೆ. "ಮಲಾಯಾ ಮುಂದ ಐತಿ ನೋಡ್ರಿ, ಅದನ್ನ ತಗೋರಿ. ಉತ್ತರಕ್ಕ. ಪೂರ್ತಿ ಒಂದ್ ಕೋಲು. ಸ್ವಲ್ಪ ಎಡಕ್ಕ ಒತ್ರಿ, ಅವ್ರ ಗುಂಡು ಬಲಕ್ಕ ಬೀಳ್ತಾವು."

ಚೇತನ ಬಾರ್‌ಹ್ಯಾಮ್ ಬಿಟ್ಟು ಮಲಾಯಾ ಹಿಡಿದ. ಕೋಲು ಇಟ್ಟು ಅಳೆದ. ಸರಿಸಿದ. ಆ ಹಾಲಿನಲ್ಲಿ ಆ ಭಾಷೆ ಅವರಿಬ್ಬರಿಗೆ ಬಿಟ್ಟು ಯಾರಿಗೂ ಬರುತ್ತಿರಲಿಲ್ಲ. ಹಲ್ಲಿನ ಡಾಕ್ಟರ ದಾಳ ಉರುಳಿ ನಿಂತಿತು. ವಾರ್‌ಸ್ಪೈಟ್‌ಗೆ ಒಂದು ಗುಂಡು ಬಿತ್ತು, ಮುಳುಗುವಂಥದ್ದಲ್ಲ. ಉಳಿದವು ಖಾಲಿ ನೀರಿಗೆ ಬಿದ್ದವು. ಮುಂದಿನ ಹಡಗು, ಅದರ ಹಿಂದಿನದು, ಅವಳು ಬೆಂಚಿನಿಂದ ಹೇಳಿದಳು, ಅವನು ನೆಲದ ಮೇಲೆ ನಡೆಸಿದ. ಇನ್ನೂ ಎಡಕ್ಕ. ಅಷ್ಟ ಸಾಕು. ಹೂಂ.

ಹಾಬರ್‌ಕೋರ್ನ್ ತಲೆಯೆತ್ತಿ ಬೆಂಚಿನ ಕಡೆಯೂ ನೆಲದ ಕಡೆಯೂ ನೋಡಿದ. "ಏನಂತಾರೆ ಅವರು?" ಎಂದು ಕೇಳಿದ.

ಚೇತನನ ಕೈ ಹಡಗಿನ ಮೇಲೆ ನಿಂತಿತು. ಭೂಮಿಕಾ ಅವನ ಬೆನ್ನನ್ನು ನೋಡುತ್ತಿದ್ದಳು. ಏನಿಲ್ಲ ಅನ್ನುವುದು ಅವನಿಗೆ ಸುಲಭ, ಆ ಪದ ಅವನ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಅವನು ನಗಲಿಲ್ಲ. ಕೋಲನ್ನು ನೆಟ್ಟಗೆ ಇಟ್ಟುಕೊಂಡು, ತಲೆಯೆತ್ತದೆ, "ದಿಕ್ಕು ಹೇಳ್ತಿದ್ದಾಳೆ" ಎಂದು ಜರ್ಮನ್‌ನಲ್ಲಿ ಹೇಳಿ, ಹಡಗನ್ನು ಮುಂದಕ್ಕೆ ನೂಕಿದ.